ಗೋದಾಮಿನ ಗುಬ್ಬಿಗಳು

ಫೆಬ್ರವರಿ 4

ಭಾವನವರಿಗೆ,

ನಮಸ್ಕಾರ. ಅಕ್ಷರ ನೋಡಿದ ಕೂಡಲೇ ಕಾಗದವನ್ನು ಹರಿದು ಬಿಸಾಡಬೇಡಿ. ಬಿಸಾಡಲೇಬೇಕೆಂದಿದ್ದರೆ ಜೊತೆಗಿರುವ ಪೊಟ್ಟಣವನ್ನು ಮೊದಲು ಬಿಚ್ಚಿ ನೋಡಿ, ಆಮೇಲೆ ನಿಮ್ಮಿಷ್ಟ.

ನಾವಿಬ್ಬರೂ ಮಾತಾಡಿ ನಾಲ್ಕು ವರ್ಷವಾಯಿತು. ಫೋನು ಮಾಡಿದಾಗೆಲ್ಲ ಅಕ್ಕ, "ನಿನ್ನ ಭಾವ ಮನೇಲಿಲ್ಲ ಕಣೋ" ಅನ್ನುತ್ತಾಳೆ. ಹಿಂದಿನಿಂದ ನೀವು ಕೆಮ್ಮುವುದು ನನಗೆ ಸ್ಪಷ್ಟವಾಗಿ ಕೇಳಿಸುತ್ತಿರುತ್ತದೆ. ಇರಲಿ. ಇವತ್ತು ಆ ಮುನಿಸನ್ನೆಲ್ಲ ಒಂದು ಪಕ್ಕಕ್ಕೆ ಸರಿಸಿಬಿಡಿ, ಯಾಕೆಂದರೆ ಸಿಕ್ಕಿತು. ಗೋದಾಮಿನ ಸಿಡಿ ಸಿಕ್ಕಿಬಿಟ್ಟಿತು ಭಾವ!

ನಿಮಗೆ ನೆನಪಿಸಬೇಕಾಗಿಲ್ಲ, ಆದರೆ ನೆನಪಿಸಿಕೊಳ್ಳುವುದೇ ಒಂದು ಸುಖ. ಹನ್ನೆರಡು ವರ್ಷದ ಹಿಂದೆ ನಾವಿಬ್ಬರೂ ಸ್ಪೀಕರ್ ನೋಡಲು ಹೋಗಿದ್ದೆವು. ಅಂಗಡಿಯವರು ಅದರ ಗುಣ ತೋರಿಸಲು ಒಂದು ಸಿಡಿ ಹಾಕಿದರು. ನಾಲ್ಕು ಜನ ಖಾಲಿ ಧಾನ್ಯದ ಗೋದಾಮಿನಲ್ಲಿ ಕೂತು, ಎರಡೇ ಎರಡು ಮೈಕ್ ಇಟ್ಟುಕೊಂಡು, ಕತ್ತರಿಸದೆ ಅಂಟಿಸದೆ ಒಂದೇ ದಿನದಲ್ಲಿ ನುಡಿಸಿದ ಸಂಗೀತ. ಪಿಟೀಲು ನಿಧಾನವಾದಾಗ ಜಂತಿಯ ಮೇಲಿದ್ದ ಗುಬ್ಬಿಗಳು ಚಿಂವ್‌ಗುಟ್ಟಿದವು. ನೀವು ಥಟ್ಟನೆ ತಲೆಯೆತ್ತಿ ಅಂಗಡಿಯ ಸೂರನ್ನು ನೋಡಿದಿರಿ. ನಾನೂ ನೋಡಿದೆ. ಆ ಮನುಷ್ಯ ಸ್ಪೀಕರ್ ಮಾರಲು ಸಿದ್ಧರಿದ್ದರೇ ಹೊರತು ಸಿಡಿ ಮಾತ್ರ ಕೊಡಲೊಲ್ಲೆ ಅಂದರು. ಅದನ್ನು ತಂದ ಕಂಪನಿ ಅಷ್ಟರಲ್ಲೇ ಬಾಗಿಲು ಹಾಕಿತ್ತು. ಅಲ್ಲಿಂದ ಶುರುವಾದ ಹುಡುಕಾಟ ಇದು.

ನಿನ್ನೆ ಬಸ್ ನಿಲ್ದಾಣದ ಹಿಂದಿನ ಹಳೇ ಸಾಮಾನಿನ ಅಂಗಡಿಗೆ ಹೋಗಿದ್ದೆ. ಅದನ್ನು ನಡೆಸುವ ಅಜ್ಜಿ ಸಿಡಿಗಳನ್ನು ಹಾಡುಗಾರರ ಪ್ರಕಾರವಲ್ಲ, ಡಬ್ಬಿಯ ಬಣ್ಣದ ಪ್ರಕಾರ ಜೋಡಿಸಿದ್ದಾರೆ. "ಕೆಂಪು ಬೇಕಾ, ಹಸಿರು ಬೇಕಾ ಹೇಳಿ. ಒಳಗೇನಿದೆ ಅಂತ ನನ್ನ ಕೇಳ್ಬೇಡಿ," ಅಂದರು. ಬೂದು ಸಾಲಿನಲ್ಲಿ, ಗಣಿತ ಪಾಠಕ್ಕೂ ವ್ಯಾಯಾಮ ಪಾಠಕ್ಕೂ ನಡುವೆ, ಗೋದಾಮಿನ ಬಾಗಿಲಿನ ಆ ಚಿತ್ರ ಕಂಡಿತು. ನನ್ನ ಕನ್ನಡಕದ ಅಂಗಡಿಗೆ ತಂದು, ಗಾಜು ನೋಡುವ ಭೂತಗನ್ನಡಿ ದೀಪದ ಕೆಳಗಿಟ್ಟು ಪರೀಕ್ಷಿಸಿದೆ. ಕೂದಲೆಳೆಯಂಥ ಒಂದು ಗೀರು, ಅದೂ ಅಂಚಿನಲ್ಲಿ. ಬೆಳಗಿನ ಹನ್ನೊಂದು ಗಂಟೆಗೇ 'ಊಟಕ್ಕೆ ಹೋಗಿದ್ದೇನೆ' ಎಂಬ ಹಲಗೆ ತಗುಲಿಹಾಕಿ, ಬಾಗಿಲು ಮುಚ್ಚಿ, ಪೂರ್ತಿ ಕೇಳಿದೆ. ಈಗ ಅದು ನಿಮ್ಮದು.

ಇನ್ನು ಆ ತಂತಿಯ ವಿಷಯ. ನನ್ನದು ಕನ್ನಡಕದವನ ಚಾಳಿ. ಈ ಗಾಜೋ ಆ ಗಾಜೋ, ಯಾವುದು ಸ್ಪಷ್ಟ ಅಂತ ದಿನಕ್ಕೆ ನೂರು ಸಲ ಕೇಳುವವನು ನಾನು. ನೀವು ಪ್ರಾಣದಂತೆ ಜೋಪಾನ ಮಾಡುತ್ತಿದ್ದ ಸ್ಪೀಕರಿನ ದಪ್ಪ ತಂತಿಯನ್ನು ನಿಮಗೆ ಕಾಣದ ಹಾಗೆ ಕಳಚಿ, ಮೇಜಿನ ದೀಪದ ತಂತಿ ಸಿಕ್ಕಿಸಿ, ಎಂಟು ಜನ ನೆಂಟರ ಮುಂದೆ "ಯಾವುದು ಸ್ಪಷ್ಟ ಭಾವ?" ಅಂದೆ. ನೀವು ದೀಪದ ತಂತಿಯನ್ನು ಹೊಗಳಿದಿರಿ. ಎಲ್ಲರೂ ನಕ್ಕರು, ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ತಮಾಷೆಗೆ ಮಾಡಿದ್ದು. ಇಷ್ಟು ವರ್ಷ ಮುಖ ತಿರುಗಿಸುವಂಥದ್ದೇನಲ್ಲ ಅಂತ ಈಗಲೂ ಅನ್ನಿಸುತ್ತದೆ. ಆದರೂ ತಪ್ಪಾಯಿತು.

ಇಂತಿ ನಿಮ್ಮ
ಭಾಮೈದ


ಫೆಬ್ರವರಿ 19

ಕನ್ನಡಕದ ಧಣಿಗಳಿಗೆ,

ಪೊಟ್ಟಣ ತಲುಪಿತು. ಸಿಡಿಯನ್ನು ಕನ್ನಡಕ ಒರೆಸುವ ಬಟ್ಟೆಯಲ್ಲಿ ಸುತ್ತಿ, ಸುತ್ತ ನಾಲ್ಕು ಕನ್ನಡಕದ ಡಬ್ಬಿ ಇಟ್ಟು ಕಳಿಸಿದ್ದೀಯ. ಆ ಬುದ್ಧಿಯನ್ನು ಮೆಚ್ಚಬೇಕು. ಉಳಿದದ್ದನ್ನು ಮೆಚ್ಚಲಾರೆ.

ಇದು ನಾವು ಅವತ್ತು ಕೇಳಿದ ರೆಕಾರ್ಡಿಂಗ್ ಅಲ್ಲ. ಚಿತ್ರ ಅದೇ, ಹೆಸರು ಅದೇ, ನುಡಿಸಿದವರೂ ಅವರೇ. ಆದರೆ ಆಮೇಲೆ ಯಾರೋ ಪುಣ್ಯಾತ್ಮ ಕೂತು ಇದನ್ನು ಶುದ್ಧ ಮಾಡಿದ್ದಾನೆ. ಮೂರು ಸಲ ಹಾಕಿದೆ. ಗುಬ್ಬಿಗಳಿಲ್ಲ. ಒಂದೂ ಇಲ್ಲ. ಪಿಟೀಲುಗಳು ಕಂಬಳಿ ಹೊದ್ದು ಕೂತಿವೆ. ಗದ್ದಲ ತೆಗೆಯುತ್ತೇವೆ ಅಂತ ಹೊರಟವರು ಗಾಳಿಯನ್ನೂ ತೆಗೆದುಬಿಟ್ಟಿದ್ದಾರೆ. ಈಗಿನವರಿಗೆ ಇದೊಂದು ರೋಗ. ಕಳೆದ ಮೂರ್ನಾಲ್ಕು ವರ್ಷದಲ್ಲಿ ನಾನು ತಂದ ಹೊಸ ಸಿಡಿಗಳೆಲ್ಲ ಹೀಗೇ ಮಂಕು. ಒಂದಾದರೂ ನೆಟ್ಟಗೆ ರೆಕಾರ್ಡ್ ಆಗಿದ್ದು ಸಿಕ್ಕಿಲ್ಲ.

ನನ್ನ ಕಡೆ ದೋಷ ಹುಡುಕಬೇಡ. ನನ್ನ ಆಂಪ್ಲಿಫೈಯರಿಗೆ ಸದ್ದು ಏರಿಸಿ ಇಳಿಸುವ ಗುಂಡಿ ಒಂದೇ. ಬೇರೆ ಗುಂಡಿಯೇ ಇಲ್ಲ, ಬೇಕಾಗಿಯೂ ಇಲ್ಲ. ರೆಕಾರ್ಡ್ ಮಾಡಿದವನು ಬಡಿಸಿದ್ದಕ್ಕೆ ಮೇಲಿನಿಂದ ಉಪ್ಪು ಖಾರ ಉದುರಿಸಿಕೊಳ್ಳುವವರು ಸಂಗೀತ ಕೇಳುವವರೇ ಅಲ್ಲ. ಇದನ್ನು ನಿನಗೆ ಸಾವಿರ ಸಲ ಹೇಳಿದ್ದೇನೆ.

ಆ ದಿನದ ವಿಷಯವನ್ನು ಮತ್ತೆ ಎತ್ತಬೇಡ.

ನಿನ್ನ ಅಕ್ಕ ಚೆನ್ನಾಗಿದ್ದಾಳೆ. ಮಂಡಿ ನೋವು ಅನ್ನುತ್ತಾಳೆ, ದಿನಕ್ಕೆ ಇಪ್ಪತ್ತು ಸಲ ಮೆಟ್ಟಿಲು ಹತ್ತಿ ಇಳಿಯುತ್ತಾಳೆ. ಹೇಳಿದರೆ ಕೇಳುವವಳಲ್ಲ.

ಇಂತಿ
ನಿನ್ನ ಅಕ್ಕನ ಗಂಡ


ಫೆಬ್ರವರಿ 26

ಭಾವ,

ನಾಲ್ಕು ವರ್ಷದ ಮೇಲೆ ನಿಮ್ಮ ಬೈಗುಳ ಓದಿ ಹೊಟ್ಟೆ ತುಂಬಿತು. ಅಂಗಡಿಯಲ್ಲಿ ಎದ್ದು ನಿಂತು ಎರಡು ಸಲ ಓದಿದೆ. 'ಅಕ್ಕನ ಗಂಡ' ಅಂತ ಸಹಿ ಹಾಕಿದ್ದೀರಿ, ಅದೂ ಒಂದು ಸಂಬಂಧವೇ ಅಂತ ಸಮಾಧಾನ ಮಾಡಿಕೊಂಡೆ.

ಆದರೆ ಗುಬ್ಬಿಗಳಿವೆ ಭಾವ! ಆಣೆ ಮಾಡಿ ಹೇಳುತ್ತೇನೆ. ಕಳಿಸುವ ಮೊದಲು ಅಂಗಡಿಯ ಪುಟ್ಟ ಪ್ಲೇಯರಿನಲ್ಲೇ ಕೇಳಿದ್ದೇನೆ, ನೀವು 'ತಗಡಿನ ಡಬ್ಬ' ಅನ್ನುತ್ತಿದ್ದಿರಲ್ಲ, ಅದೇ. ಮೊದಲನೆಯ ತುಣುಕು ಎರಡು ನಿಮಿಷ ದಾಟಿದ ಮೇಲೆ ಎಡಗಡೆ ಒಂದು ಗುಬ್ಬಿ. ಅದಕ್ಕೆ ಬಲಗಡೆಯಿಂದ ಇನ್ನೊಂದರ ಜವಾಬು. ನಾಲ್ಕನೆಯ ತುಣುಕಿನಲ್ಲಂತೂ ಇಡೀ ಸಂಸಾರವೇ ಜಗಳಕ್ಕೆ ನಿಂತಿದೆ. ಕನ್ನಡಕದ ಕಡ್ಡಿ ಸರಿಮಾಡಿಸಲು ಬಂದ ಅಂಚೆಯವರು, "ಏನ್ ಸ್ವಾಮಿ, ಅಂಗಡಿಯೊಳಗೆ ಗೂಡು ಕಟ್ಟಿದೆಯಾ?" ಅಂತ ಸೂರು ನೋಡಿದರು.

ಹಾಗಾಗಿ ಸಿಡಿಯಲ್ಲಿ ದೋಷವಿಲ್ಲ. ನಿಮ್ಮ ಸ್ಪೀಕರ್ ಪೆಟ್ಟಿಗೆಗಳ ಮೇಲ್ಗಡೆಯ ಪುಟ್ಟ ಸ್ಪೀಕರ್‌ಗಳು, ಸಣ್ಣ ಸ್ವರ ನುಡಿಯುವ ಟ್ವೀಟರ್‌ಗಳು, ಸತ್ತಿವೆ. ಬರೆದಿಟ್ಟುಕೊಳ್ಳಿ. ಅದಕ್ಕೇ ಹೊಸ ಸಿಡಿಗಳೆಲ್ಲ ನಿಮಗೆ ಮಂಕಾಗಿ ಕೇಳಿಸುತ್ತಿವೆ. ನಂಬಿಕೆ ಇಲ್ಲದಿದ್ದರೆ ಅಕ್ಕನನ್ನು ಎದುರಿಗೆ ಕೂರಿಸಿಕೊಂಡು ಕೇಳಿ. ಅವಳಿಗೆ ಸಂಗೀತದ ಗಂಧವಿಲ್ಲ, ಪಕ್ಷಪಾತವೂ ಇಲ್ಲ.

ಈ ಸಲ ಗೆದ್ದವನು ನಾನೇ. ಒಪ್ಪಿಕೊಂಡು ಒಂದು ಸಾಲು ಬರೆಯಿರಿ.

ನಿಮ್ಮ
ಭಾಮೈದ


ಏಪ್ರಿಲ್ 2

ಮರಿ,

ಐದು ವಾರದಿಂದ ನಿನ್ನ ಭಾವನ ಕಾಗದ ಬರಲಿಲ್ಲವೆಂದು ನೀನು ಅಲ್ಲಿ ಚಡಪಡಿಸುತ್ತಿರುತ್ತೀಯ. ಅವರು ಬರೆಯುವುದಿಲ್ಲ. ಫೋನಿನಲ್ಲಿ ಹೇಳಲಾಗುವ ವಿಷಯವಲ್ಲ, ಅದಕ್ಕೆ ನಾನೇ ಬರೆಯುತ್ತಿದ್ದೇನೆ. ಕೂತುಕೊಂಡು ಓದು.

ನಿನ್ನ ಕಾಗದ ಬಂದ ಮರುದಿನವೇ ಅವರು ಸ್ಪೀಕರ್ ಪೆಟ್ಟಿಗೆಗಳನ್ನು ಬಿಚ್ಚಿ ಹರವಿಕೊಂಡರು. ಮರಗೆಲಸದ ಅಂಗಡಿಗೆ ಮೂರು ದಿನ ಬೀಗ. ಹೊಸ ಟ್ವೀಟರ್ ತರಿಸಿ ಹಾಕಿದರು. ಅದೂ ಸರಿಯಿಲ್ಲವೆಂದು ಬೇರೆ ತರಿಸಿದರು. ಕೊನೆಗೆ ನೀನು ಹೇಳಿದ ಹಾಗೆ ನನ್ನನ್ನು ಕರೆದು ಎದುರಿಗೆ ಕೂರಿಸಿದರು. ಸಿಡಿ ಹಾಕಿದರು. ಎಂಥ ಗುಬ್ಬಿಗಳೋ ಅವು! ಕಿವಿಯ ಪಕ್ಕದಲ್ಲೇ ಕೂತ ಹಾಗೆ. ನನಗೂ ತಲೆಯೆತ್ತಿ ನೋಡುವ ಹಾಗಾಯಿತು. ಆದರೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ನಿನಗೆ ಕೇಳಿಸ್ತಿದೆಯೇನೇ?" ಅಂದರು.

ಕೇಳಿದ ರೀತಿ ಹೇಗಿತ್ತು ಅಂದರೆ, ನಾನು "ಇಲ್ಲ ರೀ" ಅಂದುಬಿಟ್ಟೆ.

ಮದುವೆಯಾಗಿ ಇಷ್ಟು ವರ್ಷಕ್ಕೆ ಅವರಿಗೆ ಸುಳ್ಳು ಹೇಳಿದ್ದು ಎಷ್ಟು ಸಲವೋ, ಲೆಕ್ಕ ಇಟ್ಟಿಲ್ಲ. ಆದರೆ ಇಷ್ಟು ಸಂಕಟ ಯಾವುದಕ್ಕೂ ಆಗಿರಲಿಲ್ಲ. ಅವರು ಪ್ಲೇಯರ್ ಆರಿಸಿ ಎದ್ದು ಹೋದರು. ಮಾರನೆಯ ದಿನದಿಂದ ಸಿಡಿಗಳನ್ನೆಲ್ಲ ಪೆಟ್ಟಿಗೆಗೆ ತುಂಬಲು ಶುರುಮಾಡಿದರು. ನಾನೂ ಕೈ ಹಾಕಿದೆ. ಒಂದು ಸಿಡಿ ಡಬ್ಬಿಯ ಒಳಗೆ ಮಡಚಿಟ್ಟ ಚೀಟಿ ಸಿಕ್ಕಿತು, ಕಿವಿ ಡಾಕ್ಟರದು. ದಿನಾಂಕ ನೋಡಿದೆ. ನೀನು ಆ ತಂತಿಯ ಚೇಷ್ಟೆ ಮಾಡಿದ ಭಾನುವಾರಕ್ಕೆ ಸರಿಯಾಗಿ ಹತ್ತು ದಿನ ಮುಂಚಿನದು.

ಕೇಳಿದ್ದಕ್ಕೆ ಎಲ್ಲ ಹೇಳಿದರು. ಮೂವತ್ತು ವರ್ಷ ಗರಗಸದ ಯಂತ್ರದ ಪಕ್ಕ ನಿಂತದ್ದರ ಫಲವಂತೆ. ಸಣ್ಣ ಸ್ವರಗಳು ಒಂದೊಂದಾಗಿ ಹೋಗುತ್ತಿವೆಯಂತೆ. ಫೋನಿಗೆ ಬಾರದೆ ಇದ್ದದ್ದೂ ಬರೀ ಮುನಿಸಿನಿಂದಲ್ಲ. ಡಾಕ್ಟರು ಕೊಟ್ಟ ಯಂತ್ರವನ್ನು ಗುಟ್ಟಾಗಿ ಕಿವಿಗೆ ಹಾಕಿ ನೋಡಿದ್ದಾರೆ. "ಮಾತು ಕೇಳಿಸುತ್ತೆ ಕಣೇ, ಆದ್ರೆ ಪಿಟೀಲು ತಗಡು ಗೀಚಿದ ಹಾಗಿರುತ್ತೆ. ಇದೆಲ್ಲ ನನಗೆ ಸಾಕು," ಅಂದರು. ಈ ತಿಂಗಳ ಕೊನೆಗೆ ಸಂಗೀತ ಕೇಳುವ ಆ ಕೋಣೆಯನ್ನು ಖಾಲಿ ಮಾಡಿ ಹಲಗೆ ಪೇರಿಸಿಡುತ್ತಾರಂತೆ. ಸಿಡಿಗಳನ್ನೆಲ್ಲ ಕೊಟ್ಟುಬಿಡುತ್ತಾರಂತೆ.

ನನಗೆ ನಿಮ್ಮ ಹುಚ್ಚು ಯಾವತ್ತೂ ಅರ್ಥವಾಗಲಿಲ್ಲ. ಒಂದೇ ಹಾಡನ್ನು ಇಬ್ಬರು ಗಂಡಸರು ಹತ್ತು ಸಲ ಹಾಕಿ "ಕೇಳಿದೆಯಾ, ಕೇಳಿದೆಯಾ" ಅಂತ ಮೈಮರೆಯುವುದನ್ನು ನೋಡಿ ಬೈದಿದ್ದೇನೆ. ಆದರೆ ಆ ಕೋಣೆಗೆ ಹಲಗೆ ತುಂಬಿದರೆ ಈ ಮನುಷ್ಯ ಏನು ಮಾಡಿಕೊಂಡು ಬದುಕುತ್ತಾರೆ, ಹೇಳು. ಏನಾದರೂ ಬರಿ. ಕನಿಕರ ತೋರಿಸಿ ಬರೆಯಬೇಡ, ಅದಕ್ಕೆ ಉರಿದು ಬೀಳುತ್ತಾರೆ. ನಾನು ಹೇಳಿದೆ ಅಂತಲೂ ಬಾಯಿ ಬಿಡಬೇಡ.

ನಿನ್ನ ಅಕ್ಕ


ಏಪ್ರಿಲ್ 8

ಭಾವ,

ಅಕ್ಕ ಎಲ್ಲ ಬರೆದಿದ್ದಾಳೆ. ತಾನು ಹೇಳಿದ್ದೆಂದು ಬಾಯಿ ಬಿಡಬೇಡ ಅಂದಿದ್ದಳು, ಮೊದಲ ಸಾಲಿನಲ್ಲೇ ಬಿಟ್ಟಾಯಿತು. ಅವಳನ್ನು ಬೈಯಬೇಡಿ, ನನ್ನನ್ನು ಬೈಯಿರಿ.

ಅವತ್ತು ನಾನು ತಂತಿಯನ್ನು ನೋಡಿ ನಗುತ್ತಿದ್ದೇನೆ ಅಂದುಕೊಂಡಿದ್ದೆ. ಹತ್ತು ದಿನದಿಂದ ಒಬ್ಬರೇ ನುಂಗಿಕೊಂಡಿದ್ದ ಭಯವನ್ನು ಎಂಟು ಜನರ ಮುಂದೆ ಎಳೆದು ತಂದು ನಕ್ಕಿದ್ದೇನೆ. ತಿಳಿಯದೆ ಮಾಡಿದ್ದು ಅನ್ನುವುದು ನೆಪವಾಗುವುದಿಲ್ಲ. ನಿಮ್ಮ ಮುಖ ಕಪ್ಪಿಟ್ಟದ್ದು ನನಗೆ ಕಂಡಿತ್ತು. ಕಂಡ ಮೇಲೂ ನಕ್ಕೆ. ಕಳೆದ ಕಾಗದದಲ್ಲಿ ಮತ್ತೆ ಅದನ್ನೇ ಮಾಡಿದೆ, ಗೆದ್ದೆ ಅಂತ ಹಾರಾಡಿದೆ. ಎರಡಕ್ಕೂ ಸೇರಿಸಿ ಕ್ಷಮೆ ಕೇಳುತ್ತೇನೆ ಭಾವ. ಮೊದಲನೆಯ ಕಾಗದದಲ್ಲಿ ಬರೆದದ್ದು ಕ್ಷಮೆಯೇ ಆಗಿರಲಿಲ್ಲ.

ಈಗ ನನ್ನ ಮಾನ ನಾನೇ ಕಳೆದುಕೊಳ್ಳುತ್ತೇನೆ, ಕೇಳಿ. ನನಗೆ ಎರಡು ವರ್ಷದಿಂದ ಹತ್ತಿರದ ಅಕ್ಷರ ಕಾಣಿಸುವುದಿಲ್ಲ. ಕನ್ನಡಕ ಮಾಡುವವನಿಗೇ ಕನ್ನಡಕ ಬಂತೆಂದು ಗಿರಾಕಿಗಳು ನಕ್ಕಾರು ಅಂತ ಹೆದರಿ, ಗಾಜಿನ ಪೊಟ್ಟಣದ ಮೇಲಿನ ನಂಬರನ್ನು ತೋಳು ಚಾಚಿ ಓದುತ್ತಿದ್ದೆ. ತೋಳು ಸಾಲದೆ ಹೋದಾಗ ಗಿರಾಕಿಗಳಿಗೇ ಕೊಟ್ಟು "ಸ್ವಲ್ಪ ಓದಿ, ನಿಮ್ಮ ದೃಷ್ಟಿ ನೋಡೋಣ" ಅನ್ನುತ್ತಿದ್ದೆ. ಹೋದ ತಿಂಗಳು ಒಬ್ಬ ಟೀಚರಮ್ಮನಿಗೆ ದರ್ಜಿಯ ಕನ್ನಡಕ, ದರ್ಜಿಗೆ ಟೀಚರಮ್ಮನ ಕನ್ನಡಕ ಕೊಟ್ಟು ಕಳಿಸಿದೆ. ಇಬ್ಬರೂ ಒಟ್ಟಿಗೆ ಬಂದು ಬೈದರು. ಇವತ್ತು ಈ ಕಾಗದವನ್ನು ಕನ್ನಡಕ ಹಾಕಿಕೊಂಡು ಬರೆಯುತ್ತಿದ್ದೇನೆ. ನನ್ನ ಅಕ್ಷರ ಇಷ್ಟು ಕೆಟ್ಟದಾಗಿದೆಯೆಂದು ಗೊತ್ತಿರಲಿಲ್ಲ.

ಇಷ್ಟು ಹೇಳಿದ್ದು ಒಂದೇ ಮಾತು ಕೇಳುವುದಕ್ಕೆ. ಗಾಜು ಹಾಕಿಕೊಂಡು ಓದಿದರೆ ನಾನು ಪುಸ್ತಕವನ್ನು ತಿದ್ದಿದ ಹಾಗಾಯಿತೇ? ಬರೆದವರಿಗೆ ಮೋಸ ಮಾಡಿದೆನೇ? ಗೋದಾಮಿನಲ್ಲಿ ರೆಕಾರ್ಡ್ ಮಾಡಿದವರು ಗುಬ್ಬಿಗಳನ್ನು ಪ್ರಾಮಾಣಿಕವಾಗಿ ಕೊಟ್ಟಿದ್ದಾರೆ. ಅವು ನಿಮ್ಮ ಸ್ಪೀಕರಿನವರೆಗೂ ಹಾಳಾಗದೆ ಬಂದಿವೆ. ಅಲ್ಲಿಂದ ನಿಮ್ಮ ಕಿವಿಗೆ ಮೂರು ಗಜ. ಆ ಮೂರು ಗಜ ದಾಟಿಸಲು ಒಂದು ಗುಂಡಿ ತಿರುಗಿಸಬೇಕು, ಅಷ್ಟೇ.

ಬಣ್ಣದ ಅಜ್ಜಿಯ ಅಂಗಡಿಯಿಂದ ಒಂದು ಹಳೇ ಆಂಪ್ಲಿಫೈಯರ್ ತಂದು ಕಳಿಸುತ್ತಿದ್ದೇನೆ. ಅದರಲ್ಲಿ ಸಣ್ಣ ಸ್ವರಗಳನ್ನಷ್ಟೇ ಏರಿಸುವ ಟ್ರೆಬಲ್ ಗುಂಡಿ ಇದೆ. ಹೌದು, ಅದೇ ಉಪ್ಪು ಖಾರದ ಗುಂಡಿ. ನಿಮ್ಮ ಕಣ್ಣಿಗೆ ಇದು ಅಪಚಾರ, ಗೊತ್ತು. ಕಣ್ಣಿನ ಪರೀಕ್ಷೆಯಲ್ಲಿ ಮಾಡುವ ಹಾಗೆ ಒಂದೊಂದೇ ಹೆಜ್ಜೆ ಏರಿಸಿ, ಪ್ರತಿ ಹೆಜ್ಜೆಗೂ ನಿಂತು ಕೇಳಿ. ಬಾಗಿಲು ಹಾಕಿಕೊಳ್ಳಿ, ಯಾರೂ ನೋಡುವುದಿಲ್ಲ. ಕೇಳಿಸದೆ ಹೋದರೆ ಹಲಗೆ ಪೇರಿಸಲು ನಾನೇ ಬಂದು ಕೈ ಹಾಕುತ್ತೇನೆ.

ನಿಮ್ಮ
ಭಾಮೈದ


ಏಪ್ರಿಲ್ 27

ಲೇ ಭಾಮೈದ,

ನೀನು ಕಳಿಸಿದ ಪೆಟ್ಟಿಗೆಯನ್ನು ಒಂಬತ್ತು ದಿನ ಬಿಚ್ಚಲಿಲ್ಲ. ಮರಗೆಲಸದ ಅಂಗಡಿಯಲ್ಲಿ ಅದರ ಮೇಲೆ ಕೂತು ಟೀ ಕುಡಿದೆ. ಟ್ರೆಬಲ್ ಗುಂಡಿಯ ಮೇಲೆ ಕೂರುವುದಕ್ಕಿಂತ ಹೆಚ್ಚಿನ ಮರ್ಯಾದೆ ಅದಕ್ಕೆ ಸಲ್ಲುವುದಿಲ್ಲ ಅಂತ ಬಲವಾಗಿ ನಂಬಿದ್ದೆ.

ಹತ್ತನೆಯ ದಿನ ನಿನ್ನ ಅಕ್ಕ ಅಂಗಡಿ ಬೀದಿಗೆ ಹೋಗಿದ್ದಳು. ಕೋಣೆಯ ಬಾಗಿಲು ಹಾಕಿ, ಕಿಟಕಿಯನ್ನೂ ಹಾಕಿ, ಕಳ್ಳತನಕ್ಕೆ ಇಳಿದವನ ಹಾಗೆ ಅದನ್ನು ಜೋಡಿಸಿದೆ. ಗೋದಾಮಿನ ಸಿಡಿ ಹಾಕಿದೆ. ಗುಂಡಿ ಒಂದು ಹೆಜ್ಜೆ ಏರಿಸಿದೆ. ಏನಿಲ್ಲ. ಇನ್ನೊಂದು. ಪಿಟೀಲಿನ ಕಮಾನು ತಂತಿಗೆ ತಾಗುವ ಸದ್ದು ಬಂತು. ಮತ್ತೊಂದು. ನುಡಿಸುವವರಲ್ಲಿ ಯಾರೋ ಉಸಿರೆಳೆದುಕೊಂಡರು. ನಾನು ಅಲ್ಲೇ ನಿಲ್ಲಿಸಿಬಿಡೋಣ ಅಂದುಕೊಂಡೆ ಕಣೋ, ಅಷ್ಟೇ ಸಾಕು ಅನ್ನಿಸಿತು. ಕೈ ಕೇಳಲಿಲ್ಲ. ಪೂರ್ತಿ ತಿರುಗಿಸಿಬಿಟ್ಟೆ.

ಎಡಗಡೆ ಒಂದು ಗುಬ್ಬಿ ಕೂಗಿತು. ಎದ್ದು ಹೋಗಿ ಕಿಟಕಿ ತೆರೆದು ನೋಡಿದೆ, ಹಿತ್ತಲಿನಲ್ಲಿ ಏನೂ ಇರಲಿಲ್ಲ. ವಾಪಸು ಬರುವಷ್ಟರಲ್ಲಿ ಬಲಗಡೆಯದು ಜವಾಬು ಕೊಡುತ್ತಿತ್ತು. ನಾಲ್ಕನೆಯ ತುಣುಕಿನ ಜಗಳವನ್ನು ಐದು ಸಲ ಹಾಕಿದೆ. ಅತ್ತುಬಿಟ್ಟೆ. ಅರವತ್ತೆರಡು ವರ್ಷದ ಗಂಡಸು ಗುಬ್ಬಿ ಜಗಳಕ್ಕೆ ಅತ್ತ ಅಂತ ನೀನು ಊರೆಲ್ಲ ಹೇಳಿಕೊಂಡು ಬಂದರೂ ನನಗೇನೂ ಇಲ್ಲ.

ಅಷ್ಟರಲ್ಲಿ ನಿನ್ನ ಅಕ್ಕ ಚೀಲ ಹಿಡಿದುಕೊಂಡೇ ಒಳಗೆ ನುಗ್ಗಿದಳು. "ಏನ್ರೀ ಇದು ಕರ್ಕಶ! ಬೀದಿ ತುದಿಗೆ ಕೇಳಿಸ್ತಿದೆ ನಿಮ್ಮ ಗುಬ್ಬಿ!" ಅಂದವಳು ನನ್ನ ಮುಖ ನೋಡಿ ಚೀಲ ಕೆಳಗಿಟ್ಟಳು. ಆಮೇಲೆ, "ಅವತ್ತೂ ಕೇಳಿಸ್ತಿತ್ತು ರೀ ನನಗೆ," ಅಂದಳು.

"ಗೊತ್ತಿತ್ತು ಬಿಡೇ," ಅಂದೆ. "ಸುಳ್ಳು ಹೇಳುವಾಗ ನೀನು ಮೂಗು ಉಜ್ಜಿಕೊಳ್ತೀಯ."

ಈಗ ಪೆಟ್ಟಿಗೆಗೆ ತುಂಬಿದ ಸಿಡಿಗಳನ್ನೆಲ್ಲ ಮತ್ತೆ ಹೊರಗೆ ತೆಗೆದು ಒಂದೊಂದಾಗಿ ಕೇಳುತ್ತಿದ್ದೇನೆ. ಮಂಕು ಅಂತ ಬೈದ ಹೊಸ ಸಿಡಿಗಳಲ್ಲಿ ಎಂಥೆಂಥ ಕೆಲಸ ಮಾಡಿದ್ದಾರೋ! ಒಂದರಲ್ಲಿ ಕೊಳಲಿನವರ ಬೆರಳು ತೂತಿನಿಂದ ಏಳುವುದು ಕೇಳಿಸುತ್ತದೆ. ಇನ್ನೊಂದರಲ್ಲಿ ಹಾಡುವಾಕೆ ಸಾಲಿನ ಕೊನೆಗೆ ನಕ್ಕಿದ್ದಾಳೆ, ತುಟಿ ಅಗಲವಾದದ್ದು ದನಿಯಲ್ಲೇ ತಿಳಿಯುತ್ತದೆ. ಆ ರೆಕಾರ್ಡಿಂಗಿನವರನ್ನೆಲ್ಲ ಬಾಯಿಗೆ ಬಂದಂತೆ ಬೈದಿದ್ದೇನೆ. ವಿಳಾಸ ಸಿಕ್ಕವರಿಗೆಲ್ಲ ಕಾಗದ ಬರೆಯಬೇಕು. ಗರಗಸದ ಹತ್ತಿರ ನಿಲ್ಲುವಾಗ ಈಗ ಕಿವಿಗೆ ಮುಚ್ಚಳ ಹಾಕಿಕೊಳ್ಳುತ್ತೇನೆ. ಮಾತಿಗೆ ಡಾಕ್ಟರ ಯಂತ್ರ, ಸಂಗೀತಕ್ಕೆ ನಿನ್ನ ಗುಂಡಿ. ನಿನ್ನ ಅಕ್ಕ ಹೇಳುವುದೆಲ್ಲ ಈಗ ಕೇಳಿಸುತ್ತದೆ, ಅದೊಂದು ಕಷ್ಟ.

ಆ ಭಾನುವಾರದ ವಿಷಯ ಎತ್ತಬೇಡ ಅಂದಿದ್ದೆ, ನಾನೇ ಎತ್ತುತ್ತೇನೆ. ಯಾವುದು ಸ್ಪಷ್ಟ ಅಂತ ನೀನು ಕೇಳಿದೆ. ನನಗೆ ಎರಡೂ ಒಂದೇ ಥರ ಕೇಳಿಸಿತು. ಹಾಗಂತ ಹೇಳುವ ಧೈರ್ಯ ಬರಲಿಲ್ಲ, ಊಹೆ ಮಾಡಿ ಯಾವುದೋ ಒಂದನ್ನು ಹೇಳಿದೆ. ನಾಲ್ಕು ವರ್ಷ ನಿನ್ನ ಮೇಲೆ ಹೊತ್ತುಕೊಂಡು ತಿರುಗಿದ ಕೋಪದಲ್ಲಿ ಮುಕ್ಕಾಲು ಪಾಲು ನನ್ನ ಮೇಲಿನದು.

ಇನ್ನೊಂದು ಸಂಗತಿ. ನಮ್ಮ ಕೋಣೆಯಲ್ಲಿ ಎರಡು ಸ್ಪೀಕರಿಗೂ ಸಮದೂರದ ಜಾಗ ಒಂದೇ ಇರುವುದು, ಅಲ್ಲಿ ಕೂತವನಿಗೆ ಮಾತ್ರ ಎಲ್ಲ ಸರಿಯಾಗಿ ಕೇಳಿಸುವುದು. ಅಲ್ಲಿ ಒಂದೇ ಕುರ್ಚಿ ಹಿಡಿಸುತ್ತಿತ್ತು. ಇಷ್ಟು ವರ್ಷವೂ ಆ ಕುರ್ಚಿಯಲ್ಲಿ ನಾನೇ ಕೂತೆ, ನಿನ್ನನ್ನು ಗೋಡೆ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದೆ. ನೀನು ಒಂದು ದಿನವೂ ಆ ಜಾಗ ಕೊಡು ಅನ್ನಲಿಲ್ಲ. ಕೋಣೆಯಲ್ಲಿ ಪೇರಿಸಬೇಕೆಂದು ತಂದಿಟ್ಟ ಹಲಗೆಗಳಲ್ಲಿ ಎರಡನ್ನು ತೆಗೆದುಕೊಂಡು ನಿನ್ನೆ ಒಂದು ಬೆಂಚು ಮಾಡಿದೆ. ಕುರ್ಚಿಯನ್ನು ಹೊರಗೆ ಹಾಕಿದೆ. ಬೆಂಚಿನ ಮೇಲೆ ಇಬ್ಬರು ಕೂತರೆ ಸರಿಯಾದ ಜಾಗ ಇಬ್ಬರಿಗೂ ಸಿಗುವುದಿಲ್ಲ, ಒಬ್ಬೊಬ್ಬರಿಗೂ ಒಂದೊಂದು ಗೇಣು ತಪ್ಪುತ್ತದೆ. ತಪ್ಪಲಿ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಾ. ನನ್ನ ಟ್ರೆಬಲ್ ನಿನ್ನ ಕಿವಿಗೆ ಚುಚ್ಚುತ್ತದೆ, ಬರುವಾಗ ಸ್ವಲ್ಪ ಹತ್ತಿ ತಾ. ನೀನು ಬರುವವರೆಗೆ ಬೆಂಚಿನ ಮೇಲೆ ನಾನೂ ಕೂರುವುದಿಲ್ಲ, ನಿಂತುಕೊಂಡೇ ಕೇಳುತ್ತೇನೆ.

ನಿನ್ನ
ಭಾವ